ಪಿಎಚ್‌ಡಿ ಬೇಡ, ಎಂಎಸ್ ತಗೊಂಡು ಹೊರಡುತ್ತೇನೆ

ಮಂಗಳವಾರ, 15 ಜುಲೈ 2025
ಬೆಂಗಳೂರು

ಇವತ್ತು ಗೈಡ್ ಹತ್ತಿರ ಹೇಳಿಬಿಟ್ಟೆ. ಇಂಟಿಗ್ರೇಟೆಡ್ ಪಿಎಚ್‌ಡಿ (ಮಾಸ್ಟರ್ಸ್ ಮತ್ತು ಪಿಎಚ್‌ಡಿ ಒಟ್ಟಿಗೇ ಇರುವ ಕೋರ್ಸ್) ಮುಂದುವರಿಸಲ್ಲ, ಎಂಎಸ್ ಅಂದರೆ ಮಾಸ್ಟರ್ಸ್ ಡಿಗ್ರಿ ತಗೊಂಡು ಹೊರಡುತ್ತೇನೆ ಅಂತ. ಮೇಡಂ ಬಯ್ಯಲಿಲ್ಲ. "ಯೋಚನೆ ಮಾಡಿದ್ದೀಯಾ ತಾನೆ?" ಅಂತ ಮಾತ್ರ ಕೇಳಿದರು. ಹೌದು ಅಂದೆ. "ಸರಿ, ಈ ಸೆಮಿಸ್ಟರ್‌ನಲ್ಲೇ ರಿಪೋರ್ಟ್ ಮುಗಿಸು. ಅರ್ಧಂಬರ್ಧ ಬರೆದು ತಂದರೆ ಸಹಿ ಹಾಕಲ್ಲ" ಅಂದರು. ಅವರ ಮೇಲಿದ್ದ ಗೌರವ ಇನ್ನೂ ಜಾಸ್ತಿಯಾಯಿತು.

ನನ್ನ ಕೆಲಸ ಹಣ್ಣಿನ ನೊಣಗಳ ಜೊತೆ. 25 ಡಿಗ್ರಿಯಲ್ಲಿಟ್ಟರೆ ಸುಮಾರು 10 ದಿನಕ್ಕೆ ಒಂದು ಹೊಸ ತಲೆಮಾರು ಬರುತ್ತದೆ. ಕ್ರಾಸ್ ಹಾಕುವುದು (ಆರಿಸಿದ ಗಂಡು, ಹೆಣ್ಣು ನೊಣಗಳನ್ನು ಜೋಡಿ ಮಾಡುವುದು), ಕಾಯುವುದು, ಎಣಿಸುವುದು, ಮತ್ತೆ ಕ್ರಾಸ್. ಇದು ನನಗೆ ಬೇಜಾರಾಗಿಲ್ಲ. ಆದರೆ ಒಂದೇ ಜೀನ್ ಹಿಂದೆ ಇನ್ನೂ ನಾಲ್ಕು ವರ್ಷ ಕೂರುವ ಆಸೆ ನನ್ನಲ್ಲಿಲ್ಲ.

ಈ ವರ್ಷ ಪಿಯುಸಿ ಮಕ್ಕಳು ಲ್ಯಾಬ್ ನೋಡಲು ಬಂದಿದ್ದರು. ಬಿಳಿ ಕಣ್ಣಿನ ನೊಣ ತೋರಿಸಿದೆ. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಇಂಥದೇ ಒಂದು ಗಂಡು ನೊಣದಿಂದ ಶುರುಮಾಡಿ, ಕಣ್ಣಿನ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮ್ (ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಇರುವುದು) ಮೇಲಿದೆ ಅಂತ ಕಂಡುಕೊಂಡ ಕತೆ ಹೇಳಿದೆ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ಹಾಗಾದ್ರೆ ಹೆಣ್ಣು ನೊಣಕ್ಕೆ ಬಿಳಿ ಕಣ್ಣು ಬರಲ್ವಾ?" ಬರುತ್ತೆ, ಯಾವಾಗ ಅಂತ ನೀನೇ ಹೇಳು ಅಂದೆ. ಬೋರ್ಡ್ ಮೇಲೆ ಅಪ್ಪ-ಅಮ್ಮನ ಜೀನ್‌ಗಳನ್ನು ಜೋಡಿಸಿ ನೋಡುವ ಚೌಕ ಬರೆದು ಅವಳೇ ಬಿಡಿಸಿದಳು. ಅವತ್ತಿನ ಖುಷಿ ನನಗೆ ಯಾವ ರಿಸಲ್ಟ್‌ನಲ್ಲೂ ಸಿಕ್ಕಿಲ್ಲ. ನನಗೆ ಪಾಠ ಮಾಡಬೇಕು.

ಪಾಠ ಮಾಡೋಕೂ ಪಿಎಚ್‌ಡಿ ಬೇಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಅಸಿಸ್ಟೆಂಟ್ ಪ್ರೊಫೆಸರ್ ಕೆಲಸಕ್ಕೆ ಪಿಎಚ್‌ಡಿ ಕಡ್ಡಾಯವಲ್ಲ ಅಂತ 2023ರ ಜುಲೈ 1ರಿಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಮಾಡಿದೆ. ಶೇ. 55 ಅಂಕದ ಮಾಸ್ಟರ್ಸ್ ಇದ್ದು, ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ನಮ್ಮ ರಾಜ್ಯದ ಕೆ-ಸೆಟ್ ಪಾಸಾಗಿದ್ದರೆ ಅರ್ಜಿ ಹಾಕಬಹುದು. ಸ್ಪರ್ಧೆಯಲ್ಲಿ ಪಿಎಚ್‌ಡಿ ಆದವರೂ ಇರುತ್ತಾರೆ, ಅದು ಗೊತ್ತು.

ನಾನು ಬಿಎಸ್ಸಿ ಮುಗಿಸಿ ಇಂಟಿಗ್ರೇಟೆಡ್‌ಗೆ ಸೇರಿದ್ದರಿಂದ ಈ ದಾರಿ ಇದೆ. ಕೋರ್ಸ್‌ವರ್ಕ್ ಮುಗಿದಿದೆ, ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಗೆಯಾದರೆ ಎಂಎಸ್ ಕೊಡುತ್ತಾರೆ. ನನಗೆ ಚಿಂತೆ ಇರುವುದು ಈಗ ಸೇರುವ ಮಕ್ಕಳ ಬಗ್ಗೆ. ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಬಂದವರು ನೇರವಾಗಿ ಪಿಎಚ್‌ಡಿಗೆ ಸೇರಬಹುದು. ಅವರ ಕೈಯಲ್ಲಿ ಮಾಸ್ಟರ್ಸ್ ಇರಲ್ಲ. ಮಧ್ಯದಲ್ಲಿ ಬಿಡಬೇಕಾಗಿ ಬಂದರೆ ಏನು ಡಿಗ್ರಿ ಕೊಡುತ್ತೀರಿ ಅಂತ ಸೇರುವ ಮೊದಲೇ ಆಫೀಸಿನಲ್ಲಿ ಕೇಳಿ, ದಯವಿಟ್ಟು. ಉತ್ತರ ಬರವಣಿಗೆಯಲ್ಲೇ ಇರಲಿ. ಹೀಗೆ ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಅಮ್ಮನಿಗೆ ಮೊದಲೇ ಹೇಳಿದ್ದೆ. ಅಪ್ಪನಿಗೆ ಫೋನಿನಲ್ಲಿ ಹೇಳುವ ವಿಷಯ ಅಲ್ಲ ಇದು. ಮಗಳು ಡಾಕ್ಟರೇಟ್ ಮಾಡ್ತಿದ್ದಾಳೆ ಅಂತ ಊರಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಾರೆ, ಅವರಿಗೆ ನೋವಾಗುತ್ತದೆ. ಶನಿವಾರ ಯಶವಂತಪುರದಲ್ಲಿ ರೈಲು ಹತ್ತಿ ಅರಸೀಕೆರೆಗೆ ಹೋಗಿ, ಎದುರಿಗೆ ಕೂತು ಮಾತಾಡುತ್ತೇನೆ. ಸ್ಟೈಪೆಂಡ್ ನಿಂತರೆ ಹೇಗೆ ಅಂತ ಅವರು ಕೇಳೇ ಕೇಳುತ್ತಾರೆ. ಮಲ್ಲೇಶ್ವರದ ಒಂದು ಟ್ಯೂಷನ್‌ನಲ್ಲಿ ಬಯಾಲಜಿ ಪಾಠಕ್ಕೆ ಮಾತಾಡಿದ್ದೇನೆ, ನೆಟ್ ಆಗುವವರೆಗೆ ಬಾಡಿಗೆಗೆ, ಊಟಕ್ಕೆ ಸಾಕು. ಅದನ್ನೂ ಹೇಳಬೇಕು.