ಹತ್ತು ಗಂಟೆಯ ಗುಡ್ಡ ಕರಗಿತು: ಬ್ಯಾಡಗಿ ಕೋಲ್ಡ್ ಸ್ಟೋರೇಜ್ ಕಂಟ್ರೋಲರ್

ಗುಡ್ಡ ಕರಗಿತು! ರಾತ್ರಿ 10ಕ್ಕೆ ನೆಟ್ಟಗೆ ಮೇಲೇಳುತ್ತಿದ್ದ ಕೆವಿಎ (ಲೈನಿನಿಂದ ಎಳೆಯುವ ಒಟ್ಟು ವಿದ್ಯುತ್ತಿನ ಅಳತೆ) ಗುಡ್ಡ ಈಗ ಗ್ರಾಫ್‌ನಲ್ಲಿ ಇಲ್ಲ. 238 ಮುಟ್ಟುತ್ತಿದ್ದ ಗೆರೆ 212ರಲ್ಲಿ ನಿಂತಿದೆ. ನಮ್ಮ ಕಾಂಟ್ರಾಕ್ಟ್ ಡಿಮ್ಯಾಂಡ್, ಅಂದರೆ ವಿದ್ಯುತ್ ಕಂಪನಿಯ ಜೊತೆ ಒಪ್ಪಿಕೊಂಡ ಮಿತಿ, 225. ಮಾವ ಖುಷಿಯಿಂದ ಪ್ಯಾನೆಲ್ ರೂಮಿಗೇ ಗಿರ್ಮಿಟ್ ತರಿಸಿದರು.

ಗೊತ್ತಿಲ್ಲದವರಿಗೆ ಎರಡೇ ಮಾತು. ಬ್ಯಾಡಗಿಯಲ್ಲಿ ಸೋದರಮಾವನ ಕೋಲ್ಡ್ ಸ್ಟೋರೇಜ್ ಇದೆ. ಒಣಮೆಣಸಿನಕಾಯಿ ಚೀಲಗಳು, ಅಮೋನಿಯಾ ಪ್ಲಾಂಟ್, ಎರಡು ಕಂಪ್ರೆಸರ್, 11 ಕೆವಿ ಎಚ್‌ಟಿ (ಹೈ ಟೆನ್ಶನ್) ಸಂಪರ್ಕ. ಬಿಲ್ಲು ಟಿಓಡಿ ಲೆಕ್ಕದ್ದು, ಅಂದರೆ ದಿನದ ಹೊತ್ತಿಗೆ ತಕ್ಕಂತೆ ದರ ಬೇರೆ. ಸಂಜೆ 6ರಿಂದ 10ರವರೆಗೆ ಯೂನಿಟ್‌ಗೆ 1 ರೂಪಾಯಿ ಜಾಸ್ತಿ, ಆಮೇಲೆ ಬೆಳಗಿನ ಜಾವದವರೆಗೆ ಕಡಿಮೆ. ಮಧ್ಯಾಹ್ನ ಕೋಣೆಗಳನ್ನು ಇನ್ನಷ್ಟು ತಣ್ಣಗೆ ಮಾಡಿಟ್ಟುಕೊಳ್ಳಬೇಕು. ಸಂಜೆ ಕಂಪ್ರೆಸರ್ ನಿಲ್ಲಿಸಬೇಕು. 10ರ ಮೇಲೆ ಮತ್ತೆ ಎಬ್ಬಿಸಬೇಕು. ನನ್ನ ಕಂಟ್ರೋಲರ್‌ನ ಕೆಲಸ ಇಷ್ಟೇ. ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಚಿಪ್), ಮಾಡ್‌ಬಸ್ ಮೀಟರ್ (ಲೆಕ್ಕವನ್ನು ಅದಕ್ಕೆ ಕಳಿಸುವ ಮೀಟರ್), ರಿಲೇ ಬೋರ್ಡ್ (ಸ್ವಿಚ್ ಹಾಕಿ ತೆಗೆಯುವುದು) ಜೋಡಿಸುವ ವಿವರ ಬಿಡುತ್ತೇನೆ. ಒಂದನ್ನು ಮಾತ್ರ ಬಿಡಲಾರೆ. ಅಪಾಯ ಕಂಡರೆ ಕಂಪ್ರೆಸರ್ ನಿಲ್ಲಿಸುವ ಹೈ ಪ್ರೆಶರ್ ಕಟೌಟ್, ಆಯಿಲ್ ಪ್ರೆಶರ್ ಕಟೌಟ್ ಎರಡರ ವೈರನ್ನೂ ನಾನು ಮುಟ್ಟಿಲ್ಲ. ನನ್ನ ಬೋರ್ಡ್ ಕೊಡುವುದು 'ಓಡಬಹುದು' ಅನ್ನುವ ಅನುಮತಿ ಮಾತ್ರ. ಅಮೋನಿಯಾ ಪ್ಲಾಂಟಿನಲ್ಲಿ ಆಟ ಆಡಬಾರದು.

ನಿಲ್ಲಿಸುವ ಭಾಗ ಸಲೀಸಾಗಿ ಆಯಿತು. ಒಣಮೆಣಸಿನಕಾಯಿಯಲ್ಲಿ ನೀರಿನಂಶ ಕಡಿಮೆ. ಅದು ಆಲೂಗಡ್ಡೆಯಷ್ಟು ತಂಪು ಹಿಡಿದಿಡುವುದಿಲ್ಲ. ಆದರೆ ಒತ್ತಿ ಜೋಡಿಸಿದ ಚೀಲದೊಳಗೆ ಬಿಸಿ ಇಳಿಯುವುದು ಬಲು ನಿಧಾನ. ಕೋಣೆಯ ಗಾಳಿ 4.5ರಿಂದ 7 ಡಿಗ್ರಿಗೆ ಏರಿದರೂ ಚೀಲದ ನಡುವೆ ಇಟ್ಟ ಸೆನ್ಸರ್ ಅರ್ಧ ಡಿಗ್ರಿಯೂ ಅಲ್ಲಾಡಲಿಲ್ಲ. ಹೆದರಬೇಕಾದದ್ದು ತೇವಕ್ಕೆ. ತೇವ ಕೂತರೆ ಬೂಷ್ಟು ಹಿಡಿಯುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ, ಅದು ಕೆಟ್ಟರೆ ಏನು ಉಳಿಯಿತು? ಅದಕ್ಕೇ ಸಂಜೆಯಲ್ಲೂ ಪ್ರತಿ ಕೋಣೆಯಲ್ಲಿ ಒಂದು ಫ್ಯಾನ್ ಓಡುತ್ತಲೇ ಇರುತ್ತದೆ.

ತಲೆ ತಿಂದದ್ದು ಮತ್ತೆ ಎಬ್ಬಿಸುವ ಭಾಗ. ನಾಲ್ಕು ತಾಸು ನಿಂತ ಪ್ಲಾಂಟ್ 10ಕ್ಕೆ ಏಳುವಾಗ ಎಲ್ಲವೂ ಒಟ್ಟಿಗೆ ಕೇಳುತ್ತದೆ. ಎರಡೂ ಕಂಪ್ರೆಸರ್ ಪೂರ್ತಿ ಲೋಡ್, ಕಂಡೆನ್ಸರ್ ಪಂಪ್, ಕೂಲಿಂಗ್ ಟವರ್ ಫ್ಯಾನ್, ಕೋಣೆಗಳ ಉಳಿದ ಫ್ಯಾನ್‌ಗಳು. ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂನ ಮೀಟರ್ 15 ನಿಮಿಷದ ಸರಾಸರಿ ನೋಡುತ್ತದೆ. ತಿಂಗಳಲ್ಲಿ ಅತಿ ಹೆಚ್ಚಿನ ಸರಾಸರಿ ಬಿಲ್ಲಿಗೆ ಬರುತ್ತದೆ. ಕಾಂಟ್ರಾಕ್ಟ್ ಡಿಮ್ಯಾಂಡ್ ಮೀರಿದಷ್ಟು ಕೆವಿಎಗೆ ಎರಡು ಪಟ್ಟು ದರ. ತಿಂಗಳೆಲ್ಲ ರೂಪಾಯಿ ರೂಪಾಯಿ ಉಳಿಸಿದ್ದರಲ್ಲಿ ದೊಡ್ಡ ಪಾಲನ್ನು ಒಂದೇ ರಾತ್ರಿಯ ಕಾಲು ಗಂಟೆ ನುಂಗಿಬಿಡುತ್ತದೆ.

ಈ ಗುಡ್ಡಕ್ಕೆ ಕಾರಣ ಏನು ಅಂದರೆ, ಕೇಳಿದವರೆಲ್ಲ ಹೇಳಿದ್ದು ಒಂದೇ, ಮೋಟರ್ ಸ್ಟಾರ್ಟಿಂಗ್ ಕರೆಂಟ್. ಪ್ಯಾನೆಲ್ ಮಾರುವವರಂತೂ ಮೋಟರನ್ನು ಮೆಲ್ಲಗೆ ಎಬ್ಬಿಸುವ ಸಾಫ್ಟ್ ಸ್ಟಾರ್ಟರ್‌ನ ಕೊಟೇಶನ್ ಕಳಿಸಿಯೇ ಬಿಟ್ಟರು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸ್ಟಾರ್ಟ್ ಆಗುವಾಗ 400 ಕೆವಿಎ ಹೆಚ್ಚುವರಿ ಎಳೆದು, ಅದು 10 ಸೆಕೆಂಡ್ ಇತ್ತು ಅನ್ನಿ. 900 ಸೆಕೆಂಡಿನ ಸರಾಸರಿಯಲ್ಲಿ ಅದರ ಪಾಲು 4.4 ಕೆವಿಎ ಅಷ್ಟೇ. ನಮ್ಮ ಗುಡ್ಡ ಅದಕ್ಕಿಂತ ಎಷ್ಟೋ ದೊಡ್ಡದು. ಈ ಲೆಕ್ಕ ಮುಂದಿಟ್ಟರೂ ಅವರು ಸಾಫ್ಟ್ ಸ್ಟಾರ್ಟರ್ ಜಪ ಬಿಡಲಿಲ್ಲ.

ಸುಳಿವು ಕೊಟ್ಟವರು ನಮ್ಮ ಆಪರೇಟರ್. "ಸರ, ಮೋಟರ್ ಎದ್ದ ಮ್ಯಾಲೂ ಆ ಕೆಪಾಸಿಟರ್ ಪ್ಯಾನೆಲ್ ಭಾಳೊತ್ತು ಟಕ್ ಟಕ್ ಅಂತಿರ್ತೈತ್ರಿ" ಅಂದರು. ಕಿವಿ ಅಂದರೆ ಇಂಥದ್ದು! ತಕ್ಷಣ ಲಾಗರ್ ಅನ್ನು ಸೆಕೆಂಡಿಗೊಮ್ಮೆ ಓದುವ ಹಾಗೆ ಮಾಡಿ, ಕಿಲೋವ್ಯಾಟ್, ಕೆವಿಎ, ಪವರ್ ಫ್ಯಾಕ್ಟರ್ ಮೂರನ್ನೂ ಬೇರೆ ಬೇರೆ ಬರೆಸಿದೆ. ಕಿಲೋವ್ಯಾಟ್ ಅಂದರೆ ನಿಜಕ್ಕೂ ಕೆಲಸಕ್ಕೆ ಬರುವ ಪಾಲು, ಅದನ್ನು ಕೆವಿಎಯಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಕಿಲೋವ್ಯಾಟ್ ಗೆರೆ 200ರ ಹತ್ತಿರ ಸಮಾಧಾನವಾಗಿತ್ತು. ಕುಸಿದದ್ದು ಪವರ್ ಫ್ಯಾಕ್ಟರ್!

ಆಗುತ್ತಿದ್ದದ್ದು ಇಷ್ಟು. ಮೋಟರ್‌ಗಳು ಇಳಿಸುವ ಪವರ್ ಫ್ಯಾಕ್ಟರನ್ನು ಕೆಪಾಸಿಟರ್‌ಗಳು ಮೇಲೆತ್ತುತ್ತವೆ, ಅವನ್ನು ಲೋಡ್ ನೋಡಿ ತಾನಾಗಿ ಹಾಕಿ ತೆಗೆಯುವುದು ಎಪಿಎಫ್‌ಸಿ ರಿಲೇ. ಸಂಜೆ ಲೋಡ್ ಇಲ್ಲದ್ದರಿಂದ ಅದು ಕೆಪಾಸಿಟರ್‌ಗಳನ್ನೆಲ್ಲ ಹೊರಗೆ ಹಾಕಿರುತ್ತದೆ. 10ಕ್ಕೆ ಮೋಟರ್‌ಗಳು ದಿಢೀರನೆ ಬರುತ್ತವೆ. ರಿಲೇ ಮಾತ್ರ ಒಂದೊಂದೇ ಸ್ಟೆಪ್ ಒಳಗೆ ತರುತ್ತದೆ. ಒಂದು ಸ್ಟೆಪ್‌ಗೂ ಇನ್ನೊಂದಕ್ಕೂ ನಡುವೆ ಒಂದು ನಿಮಿಷ, ಒಟ್ಟು ಆರು ಸ್ಟೆಪ್. ಕೆಪಾಸಿಟರ್ ಡಿಸ್ಚಾರ್ಜ್ ಆಗದೆ ಮತ್ತೆ ಜೋಡಿಸಬಾರದು, ಹಾಗಾಗಿ ಆ ಕಾಯುವಿಕೆಯನ್ನು ಸುಮ್ನೆ ಕಿತ್ತುಹಾಕಲೂ ಆಗುವುದಿಲ್ಲ. 200 ಕಿಲೋವ್ಯಾಟ್‌ಗೆ ಪವರ್ ಫ್ಯಾಕ್ಟರ್ 0.95 ಇದ್ದರೆ 210.5 ಕೆವಿಎ. ಅದೇ 0.75 ಆದರೆ 266.7. ಆರು ನಿಮಿಷ 0.75, ಒಂಬತ್ತು ನಿಮಿಷ 0.95 ಇದ್ದರೆ ಸರಾಸರಿ 233. ಕರೆಂಟನ್ನು ಕೆಲಸಕ್ಕೆ ಜಾಸ್ತಿ ಬಳಸದೆಯೇ ದಂಡ ಕಟ್ಟುತ್ತಿದ್ದೆವು ಅಲ್ವಾ?

233ರ ಮೇಲಿನ ಐದು ಕೆವಿಎ ಎಲ್ಲಿಂದ ಬಂತು? ಪ್ಯಾನೆಲ್ ಬಿಚ್ಚಿದರೆ ಮೂರನೇ ಸ್ಟೆಪ್‌ನ ಕಾಂಟ್ಯಾಕ್ಟರ್ (ಆ ಕೆಪಾಸಿಟರನ್ನು ಲೈನಿಗೆ ಜೋಡಿಸುವ ಸ್ವಿಚ್) ಕರಕಲಾಗಿ, ಆ ಸ್ಟೆಪ್ ಸರಿಯಾಗಿ ಕೂಡುತ್ತಿರಲಿಲ್ಲ. ಕೆಪಾಸಿಟರ್ ಡ್ಯೂಟಿ ಎಂದು ಬಿಲ್ ಹಾಕಿ ಕೊಟ್ಟದ್ದು ಮಾಮೂಲಿ ಮೋಟರ್ ಕಾಂಟ್ಯಾಕ್ಟರ್! ಪಕ್ಕದಲ್ಲಿ ಸುರುಳಿಯ ಹಾಗೆ ಕಾಣುವ ಡ್ಯಾಂಪಿಂಗ್ ರೆಸಿಸ್ಟರ್ ಇಲ್ಲವೇ ಇಲ್ಲ. ಪ್ರತಿ ಸಲ ಒಳಗೆ ಬರುವಾಗಲೂ ಕೆಪಾಸಿಟರ್‌ನ ಪೂರ್ತಿ ಇನ್‌ರಶ್ (ಜೋಡಿಸಿದ ಕ್ಷಣ ನುಗ್ಗುವ ಕರೆಂಟ್) ಕಾಂಟ್ಯಾಕ್ಟರ್‌ನ ಮುಖಕ್ಕೇ ಹೊಡೆಯುತ್ತದೆ. ಇಂಥ ಕಡೆ ದುಡ್ಡು ಉಳಿಸಲು ಹೋಗಿ ಗಿರಾಕಿಗೆ ಬೇರೆಯದನ್ನೇ ಕಟ್ಟುವುದು ಅನ್ಯಾಯ. ಕೊಳ್ಳುವಾಗ ಆ ರೆಸಿಸ್ಟರ್ ಸುರುಳಿ ಕಣ್ಣಾರೆ ನೋಡಿ ಕೊಳ್ಳಿ.

ಈಗಿನ ಕ್ರಮ ಹೀಗಿದೆ. ಮೊದಲು ಪಂಪ್ ಮತ್ತು ಫ್ಯಾನ್. ಪವರ್ ಫ್ಯಾಕ್ಟರ್ 0.95 ದಾಟುವವರೆಗೆ ಕಾಯುವುದು. ಆಮೇಲೆ ಒಂದನೇ ಕಂಪ್ರೆಸರ್, ಅದೂ ಹೊರೆ ಇಳಿಸುವ ಅನ್‌ಲೋಡರ್ ಹಾಕಿಕೊಂಡು, ಸಿಲಿಂಡರ್‌ಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಲೋಡ್ ಮಾಡುತ್ತಾ. ಮತ್ತೆ 0.95ಕ್ಕೆ ಕಾಯುವುದು. ಎರಡನೇ ಕಂಪ್ರೆಸರ್ ಬರುವುದು ಆಮೇಲೆಯೇ. ಮೀಟರ್‌ನ ಕಾಲು ಗಂಟೆ ಎಲ್ಲಿ ಶುರುವಾಗುತ್ತದೆ ಎಂದು ತಲೆ ಕೆಡಿಸಿಕೊಂಡಿಲ್ಲ. ಯಾವ 15 ನಿಮಿಷ ತೆಗೆದುಕೊಂಡರೂ ಸರಾಸರಿ 215ರೊಳಗೆ ಇರಬೇಕು ಅನ್ನುವುದೇ ನಿಯಮ. ಕೋಣೆಗಳು ಮತ್ತೆ ತಣ್ಣಗಾಗುವುದು ಸ್ವಲ್ಪ ತಡ, ಚೀಲಗಳಿಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಸೇರಿಸಿದ್ದೇನೆ, ನನಗೆ ಬಹಳ ಇಷ್ಟವಾದದ್ದು. ಎಬ್ಬಿಸುವ ಹೊತ್ತು ಸರಿಯಾಗಿ 10 ಅಲ್ಲ. 10ರಿಂದ 10:25ರ ನಡುವೆ ಪ್ರತಿ ರಾತ್ರಿ ಬೇರೆ ಬೇರೆ. ಏಕೆ ಅಂದರೆ, ಸುತ್ತಲಿನ ಕೋಲ್ಡ್ ಸ್ಟೋರೇಜ್‌ನವರೆಲ್ಲ ಇದನ್ನೇ ಮಾಡಿದರೆ ನಮ್ಮ ಗುಡ್ಡ ಎಲ್ಲರಿಗೂ ಕರೆಂಟ್ ತರುವ ಫೀಡರ್ ಲೈನಿನ ಗುಡ್ಡವಾಗುತ್ತದೆ. ಹೊಲದ ಪಂಪ್‌ಸೆಟ್‌ಗಳ ಆಟೋ ಸ್ಟಾರ್ಟರ್ ನೋಡಿದವರಿಗೆ ಇದು ಗೊತ್ತು. ತ್ರೀ ಫೇಸ್ ಬಂದ ಕೂಡಲೇ ಎಲ್ಲ ಪಂಪೂ ಒಟ್ಟಿಗೆ ಏಳುತ್ತವೆ, ಟಿಸಿ (ಟ್ರಾನ್ಸ್‌ಫಾರ್ಮರ್) ನರಳುತ್ತದೆ. ಸಂಜೆ ಬಿಟ್ಟುಕೊಟ್ಟ ಲೋಡ್ ಗ್ರಿಡ್‌ಗೆ ನಿಜಕ್ಕೂ ಉಪಕಾರ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಮಲಗುವ ಹೊತ್ತಿಗೇ ಊರಿನ ದೀಪಗಳು ಏಳುತ್ತವೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯಕ್ಕೆ ಕರೆಂಟ್ ಸಾಲದೆ ಹೋದದ್ದನ್ನು ಯಾರೂ ಮರೆತಿಲ್ಲ. ಆದರೆ ಬಿಟ್ಟುಕೊಟ್ಟವರು ವಾಪಸ್ ಬರುವ ರೀತಿಯೂ ಮುಖ್ಯ. ದರ ಬದಲಾಗುವ ಗಂಟೆ ಎಲ್ಲರಿಗೂ ಒಂದೇ ಇದ್ದರೆ, ಹೊತ್ತು ಚದುರಿಸುವ ಕೆಲಸ ನಮ್ಮ ಕಂಟ್ರೋಲರ್‌ಗಳೇ ಮಾಡಬೇಕು.

ಈ ನಡುವೆ ಮುಂದಿನ ಪ್ರಾಜೆಕ್ಟ್ ತಲೆಗೆ ಹೊಕ್ಕಿದೆ. ಐಸ್! ಒಂದು ಟನ್ ನೀರು ಮಂಜುಗಡ್ಡೆಯಾದರೆ ಸುಮಾರು 93 ಯೂನಿಟ್‌ನಷ್ಟು ತಂಪು ಕೂಡಿಟ್ಟ ಹಾಗೆ. ಹಗಲು ಗಡ್ಡೆ ಕಟ್ಟಿಸಿ ಸಂಜೆ ಕರಗಿಸಿದರೆ? ಕೇಂದ್ರ ಸರ್ಕಾರದ 2023ರ ನಿಯಮ, ಬಿಸಿಲಿನ ಎಂಟು ತಾಸಿನ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು ಅನ್ನುತ್ತದೆ. ಆಗ ಲೆಕ್ಕ ಇನ್ನೂ ಚೆನ್ನಾಗಿ ಕೂರುತ್ತದೆ. ತೊಡಕೂ ಇದೆ. ಸೊನ್ನೆ ಡಿಗ್ರಿಯ ಐಸ್‌ನಿಂದ 5 ಡಿಗ್ರಿಯ ಕೋಣೆಗೆ ತಂಪು ದಾಟಿಸಲು ದೊಡ್ಡ ಕಾಯಿಲ್ ಬೇಕು. ಒಂದು ಸಾವಿರ ಲೀಟರ್‌ನ ಹಳೆ ಟ್ಯಾಂಕ್‌ಗೆ ಥರ್ಮಾಕೋಲ್ ಸುತ್ತಿ ಪರೀಕ್ಷೆ ಮಾಡುವ ಆಸೆ. ಗ್ಲೈಕಾಲ್ ಪಂಪ್ ಅನುಭವ ಇದ್ದವರು ಹೇಳಿ.

ಅದಕ್ಕೂ ಮೊದಲು ಈ ಕಂಟ್ರೋಲರ್ ಸೀಸನ್ ದಾಟಬೇಕು. ಈಗ ಒಳಗಿರುವುದೆಲ್ಲ ತಣ್ಣಗಾದ ಚೀಲಗಳು. ಹೊಸ ಮಾಲು ಬರತೊಡಗಿದರೆ ಬಾಗಿಲು ತೆರೆದೇ ಇರುತ್ತದೆ, ಬಿಸಿಲಲ್ಲಿ ಒಣಗಿದ ಚೀಲಗಳು ಲಾರಿಗಟ್ಟಲೆ ಒಳಗೆ ಬರುತ್ತವೆ. ಆಗ ನಾಲ್ಕು ತಾಸು ನಿಲ್ಲಿಸಲು ಆಗದೇ ಇರಬಹುದು. ಎರಡು ತಾಸಿನ ಇನ್ನೊಂದು ಪ್ರೋಗ್ರಾಂ ಬರೆದಿಟ್ಟಿದ್ದೇನೆ, ಕೋಣೆ 8 ಡಿಗ್ರಿ ಮುಟ್ಟಿದರೆ ತಾನಾಗಿ ಅದಕ್ಕೆ ಬದಲಾಗುತ್ತದೆ. ಆ ತಿಂಗಳ ಗ್ರಾಫ್ ಬಂದ ಕೂಡಲೇ ಹಾಕುತ್ತೇನೆ.