ನಾನು ಮಾಡಿದ ತಪ್ಪುಗಳು

ಕಲಬುರಗಿ, 12 ಏಪ್ರಿಲ್ 2025, ಶನಿವಾರ

ಫ್ರೆಂಚ್ ಕ್ಲಾಸಿನ ಪ್ರಬಂಧ ವಾಪಸ್ ಬಂತು. ನಾನು ಬರೆದದ್ದು ಒಂದೂವರೆ ಪುಟ. ಮೇಡಂ ಕೆಂಪು ಶಾಯಿಯಲ್ಲಿ ಬರೆದದ್ದೂ ಹೆಚ್ಚುಕಡಿಮೆ ಅಷ್ಟೇ ಇದೆ. ಸ್ವಲ್ಪ ಜಾಣತನ ತೋರಿಸೋಣ ಅಂತ ಮೊದಲ ಸಾಲನ್ನೇ 'ನಾನು ಮಾಡಿದ ತಪ್ಪುಗಳು' ಎಂದು ಶುರು ಮಾಡಿದ್ದೆ. 'ಲೇ ಫೋತ್ ಕ ಜೇ ಫೆ'. ಆ ಕೊನೆಯ 'ಫೆ' ಸುತ್ತ ದೊಡ್ಡದೊಂದು ಸೊನ್ನೆ ಬಿದ್ದಿದೆ. ಅದು 'ಫೆತ್' ಆಗಬೇಕಿತ್ತು. ತಪ್ಪುಗಳ ಬಗ್ಗೆ ಬರೆದ ಸಾಲಲ್ಲೇ ತಪ್ಪು! ಕ್ಲಾಸಿನಲ್ಲಿ ಅದನ್ನು ಓದಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಬಸ್ಸಿನಲ್ಲಿ ಸೂಪರ್ ಮಾರ್ಕೆಟ್‌ವರೆಗೂ ಮುಖ ಸಪ್ಪೆ ಮಾಡಿಕೊಂಡು ಕೂತವನೂ ನಾನೇ.

ಈ ಸೆಮಿಸ್ಟರ್‌ನಿಂದ ಬಿ-1 ಹಂತ. ಅದಕ್ಕೂ ಮೊದಲಿನ ಸುಲಭ ಹಂತಗಳು, ಎ-1, ಎ-2 ಇದ್ದಾಗ ಚೆನ್ನಾಗಿತ್ತು. ಇವತ್ತು ಬಣ್ಣಗಳು, ನಾಳೆ ಗಡಿಯಾರ, ನಾಡಿದ್ದು ಹೋಟೆಲಿನಲ್ಲಿ ಕಾಫಿ ಕೇಳೋದು. ದಿನಾ ಏನೋ ಒಂದು ಹೊಸದು ಕೈಗೆ ಬಂದ ಹಾಗೆ ಇರುತ್ತಿತ್ತು. ಈಗ ತಿಂಗಳುಗಟ್ಟಲೆ ಓದಿದರೂ ನಿಂತಲ್ಲೇ ನಿಂತ ಹಾಗಿದೆ. ಸುಮ್ನೆ ಹೇಳ್ತಿಲ್ಲ, ಎ-2ನಲ್ಲಿ ಧೈರ್ಯವಾಗಿ ಆಡುತ್ತಿದ್ದ ಮಾತುಗಳನ್ನೂ ಈಗ ಅನುಮಾನದಿಂದಲೇ ಆಡುತ್ತೇನೆ. ತಪ್ಪು ಎಲ್ಲಿದೆ ಅಂತ ಗೊತ್ತಾಗುವಷ್ಟು ಮಾತ್ರ ಕಲಿತಿದ್ದೇನೆ ಅನ್ನಿಸುತ್ತೆ.

ಆ 'ಫೆತ್' ವಿಷಯಕ್ಕೆ ಬರ್ತೀನಿ. 'ನಾನು ಪತ್ರ ಬರೆದೆ' ಅಂದರೆ 'ಜೇ ಎಕ್ರಿ ಲಾ ಲೆತ್ರ್'. 'ನಾನು ಬರೆದ ಪತ್ರ' ಅಂದರೆ 'ಲಾ ಲೆತ್ರ್ ಕ ಜೇ ಎಕ್ರಿತ್'. ಪತ್ರ ಫ್ರೆಂಚಿನಲ್ಲಿ ಹೆಣ್ಣು. ಅದು ಕ್ರಿಯಾಪದಕ್ಕಿಂತ ಮೊದಲು ಬಂದರೆ ಕ್ರಿಯಾಪದವೂ ಹೆಣ್ಣಾಗಬೇಕು. ನಂತರ ಬಂದರೆ ಬೇಕಾಗಿಲ್ಲ. ನನ್ನ ಸಾಲಿನ 'ಫೋತ್', ಅಂದರೆ ತಪ್ಪು, ಅದೂ ಹೆಣ್ಣೇ. ಯಾಕೆ ಹೀಗೆ? 16ನೇ ಶತಮಾನದಲ್ಲಿ ಕ್ಲೆಮಾಂ ಮಾರೊ ಅನ್ನುವ ಕವಿ ಇಟಲಿಯವರ ಮಾತನ್ನು ತೋರಿಸಿ, ನಾವೂ ಹೀಗೇ ಬರೆಯಬೇಕು ಅಂತ ಪದ್ಯ ಕಟ್ಟಿ ಹೇಳಿದನಂತೆ. ಪುಣ್ಯಾತ್ಮ ಪ್ರೇಮದ ಮೇಲೆ ಇನ್ನೆರಡು ಪದ್ಯ ಬರೆದು ಸುಮ್ಮನಿರಬಾರದಿತ್ತಾ?

ದರ್ಗಾ ಕಡೆಯ ನನ್ನ ಗೆಳೆಯನಿಗೆ ಮಾತ್ರ ಇದು ತಲೆನೋವೇ ಅಲ್ಲ. ಮನೆಯಲ್ಲಿ ದಖನಿ ಮಾತಾಡುವವನು, ಉರ್ದು ಶಾಲೆಯಲ್ಲಿ ಓದಿದವನು. ಕ್ಯಾಂಟೀನಿನಲ್ಲಿ ಸುಸಲಾ ತಿನ್ನುತ್ತಾ ಹೇಳಿದ: "ಮನ್ಯಾಗ ನಾವು 'ಮೈ ಚಿಟ್ಠೀ ಲಿಖಾ' ಅಂತೀವಿ. ಹಂಗ ಬರದ್ರ ಸಾಲ್ಯಾಗ ಮಾಸ್ತರು ಕಿವಿ ಹಿಂಡ್ತಿದ್ರು. 'ಮೈನೇ ಚಿಟ್ಠೀ ಲಿಖೀ' ಅಂತ ಬರೀಬೇಕು." ಅಂದರೆ ಮನೆಯ ಮಾತಿನಲ್ಲಿ ಬರೆದವನನ್ನು ನೋಡಿ ಕ್ರಿಯಾಪದ ಬದಲಾಗುತ್ತೆ, ಪುಸ್ತಕದ ಉರ್ದುವಿನಲ್ಲಿ ಚಿಟ್ಠಿಯನ್ನು ನೋಡಿ ಬದಲಾಗುತ್ತೆ. ಚಿಟ್ಠಿ ಹಿಂದಿದ್ದರೇನು, ಮುಂದಿದ್ದರೇನು, ಉರ್ದು ಲೆಕ್ಕಕ್ಕಿಡಲ್ಲ. ಫ್ರೆಂಚಿನವರು ಲೆಕ್ಕಕ್ಕಿಡುತ್ತಾರೆ, ಅಷ್ಟೇ ವ್ಯತ್ಯಾಸ. ಎರಡು ವಾರದಿಂದ ಇಂಗ್ಲಿಷ್ ವ್ಯಾಕರಣದ ಪುಸ್ತಕ ಹಿಡಿದು ಒದ್ದಾಡುತ್ತಿದ್ದೆ. ಅರ್ಧ ಪ್ಲೇಟ್ ಸುಸಲಾ ಮುಗಿಯೋದರೊಳಗೆ ತಲೆಗೆ ಹೋಯಿತು.

ಅಲ್ಲಿಂದ ಒಂದು ಸಿಟ್ಟು ಶುರುವಾಗಿದೆ. ನಮಗೆ ಫ್ರೆಂಚ್ ಕಲಿಸೋದು ಇಂಗ್ಲಿಷ್ ಮೂಲಕ ಯಾಕೆ? ಫ್ರೆಂಚಿನ ಎರಡು ಭೂತಕಾಲಗಳನ್ನೇ ನೋಡಿ. ಪಾಸೆ ಕೊಂಪೊಸೆ, ಆಂಪರ್ಫೆ. ಇಂಗ್ಲಿಷಿನ 'ವೆಂಟ್' ಎರಡಕ್ಕೂ ಆಗುತ್ತೆ, ಅದಕ್ಕೇ ಗೋಜಲು. ಕನ್ನಡದಲ್ಲಿ ಯೋಚನೆ ಮಾಡಿದರೆ ಬಹಳ ಕಡೆ ಗೋಜಲೇ ಇಲ್ಲ. 'ಚಿಕ್ಕವನಿದ್ದಾಗ ಪ್ರತಿ ಗುರುವಾರ ದರ್ಗಾಕ್ಕೆ ಹೋಗ್ತಿದ್ದೆ', ಇದು ಆಂಪರ್ಫೆ. 'ನಿನ್ನೆ ಹೋದೆ', ಇದು ಪಾಸೆ ಕೊಂಪೊಸೆ. ಯಾವಾಗ ಯಾವುದು ಅಂತ ಆರು ಪುಟ ನೋಟ್ಸ್ ಬರೆಸಿದ್ದಾರೆ. 'ತು', 'ವೂ' ಕಥೆಯೂ ಅದೇ. ನೀನು, ನೀವು ಅಂದುಬಿಟ್ಟರೆ ಮುಗೀತು, ಅಲ್ವಾ?

ಹಾಗಂತ ಕನ್ನಡ ಎಲ್ಲದಕ್ಕೂ ಕೈ ಹಿಡಿಯಲ್ಲ. ಫ್ರೆಂಚಿನಲ್ಲೊಂದು ಸ್ವರ ಇದೆ. ಬಾಯೊಳಗೆ 'ಈ' ಅನ್ನಬೇಕು, ತುಟಿ ಮಾತ್ರ 'ಊ' ಅನ್ನೋ ಹಾಗೆ ದುಂಡಗಿರಬೇಕು. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಅಕ್ಷರವಿಲ್ಲ. ಆ ಸ್ವರದಲ್ಲಿ 'ದಸು' ಅಂದರೆ ಮೇಲೆ. ನಮ್ಮ 'ಊ'ದಲ್ಲಿ 'ದಸೂ' ಅಂದರೆ ಕೆಳಗೆ. ಕಳೆದ ವಾರದ ಮೌಖಿಕದಲ್ಲಿ ನಮ್ಮ ಮನೆಯ ಚಿತ್ರ ವಿವರಿಸುವಾಗ ಫ್ಯಾನನ್ನು ಮಂಚದ ಕೆಳಗೆ ತೂಗಿಹಾಕಿದ್ದೆ. ಈ ಬಿಸಿಲಿಗೆ ಅದೂ ವಾಸಿಯೇ ಅಂತ ಮೇಡಂ ಮಾರ್ಕ್ಸ್ ಕತ್ತರಿಸಲಿಲ್ಲ.

ನಿಜವಾದ ಹೆದರಿಕೆ ಇರೋದು ಕೇಳುವುದರಲ್ಲಿ. ಡೆಲ್ಫ್ ಅನ್ನೋ ಫ್ರೆಂಚ್ ಪ್ರಮಾಣಪತ್ರದ ಬಿ-1 ಪರೀಕ್ಷೆಯಲ್ಲಿ ಕೇಳೋದು, ಓದೋದು, ಬರೆಯೋದು, ಮಾತಾಡೋದು ಅಂತ ನಾಲ್ಕು ಭಾಗ, ಒಂದೊಂದಕ್ಕೆ 25 ಅಂಕ. ನೂರಕ್ಕೆ 50 ಬಂದರೆ ಪಾಸ್, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರೋ ಹಾಗಿಲ್ಲ. ನನಗೆ ಆ 5ರದ್ದೇ ಚಿಂತೆ. ಪುಸ್ತಕದಲ್ಲಿ 'ಗೊತ್ತಿಲ್ಲ' ಅನ್ನೋದಕ್ಕೆ 'ಜ ನ ಸೇ ಪಾ' ಅಂತ ಕಲಿತೆವು. ರೆಕಾರ್ಡಿಂಗಿನಲ್ಲಿ ಪ್ಯಾರಿಸಿನ ಹುಡುಗ 'ಶೇ ಪಾ' ಅಂದು ಮುಂದೆ ಹೋಗಿಬಿಡುತ್ತಾನೆ. ನಾಲ್ಕು ಪದ ಎರಡಾಗಿವೆ! ಕನ್ನಡ ಕಲಿತು ಬಂದ ಹೊರಗಿನವರ ಎದುರು ನಾವು "ಏನ್ ಮಾಡ್ಲತ್ತಿ?" ಅಂದಾಗ ಅವರು ಬಾಯಿ ಬಿಟ್ಟು ನಿಲ್ಲುತ್ತಾರಲ್ಲ, ಥೇಟ್ ಹಾಗೇ ನಿಲ್ಲುತ್ತೇನೆ. ಈಗ ದಿನಾ ರಾತ್ರಿ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊದ ಸುಲಭ ಫ್ರೆಂಚ್ ವಾರ್ತೆ ಕೇಳ್ತೀನಿ. ಹತ್ತು ನಿಮಿಷದ್ದು. ಮೊದಲ ಸಲ ಕೇಳಿದಾಗ ದೇಶಗಳ ಹೆಸರು ಮಾತ್ರ ಸಿಗುತ್ತವೆ. ಮೂರನೇ ಸಲಕ್ಕೆ ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ ಅನ್ನೋದು ತಿಳಿಯುತ್ತೆ.

ಇವತ್ತು ಸಂಜೆ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಕೂತು ಮೂಗಿನ ಸ್ವರಗಳ ಅಭ್ಯಾಸ ಮಾಡುತ್ತಿದ್ದೆ. 'ಆಂ ಬೋಂ ವ್ಯಾಂ ಬ್ಲಾಂ', ನಾಲ್ಕು ಪದಕ್ಕೆ ನಾಲ್ಕು ಸ್ವರ. ಅವ್ವ ಒಣ ಬಟ್ಟೆ ತೆಗೆಯಲು ಬಂದವಳು ನಿಂತು ಕೇಳಿದಳು.

"ಯಾಕೋ, ಮೂಗಿನ್ಯಾಗ ಮಾತಾಡ್ಲತ್ತಿ? ನೆಗಡಿ ಆಗ್ಯಾದೇನು?"

"ಇಲ್ಲವ್ವ, ಫ್ರೆಂಚ್. ಮೂಗಿನ್ಯಾಗೇ ಅನ್ಬೇಕು."

"ಹಾಂ" ಅಂದಳು. ಅದನ್ನು ಅಂದದ್ದೇ ಮೂಗಿನಲ್ಲಿ. ಹೆಚ್ಚುಕಡಿಮೆ 'ಬ್ಲಾಂ'ನಲ್ಲಿರೋ ಸ್ವರ, ನಾನು ಒಂದು ಗಂಟೆಯಿಂದ ಹುಡುಕುತ್ತಿದ್ದದ್ದು. ಇನ್ನೊಮ್ಮೆ ಅನ್ನವ್ವ ಅಂದೆ. ಹುಚ್ಚು ಹಿಡಿದಿದೆ ಅನ್ನೋ ಹಾಗೆ ನೋಡಿ, "ರೊಟ್ಟಿ ಆರ್ಲತ್ತಾವ, ಕೆಳಗ ಬಾ" ಅಂತ ಇಳಿದು ಹೋದಳು.

ಆ ನಾಲ್ಕು ಪದಕ್ಕೆ 'ಒಳ್ಳೆಯ ಬಿಳಿ ವೈನ್' ಅಂತ ಅರ್ಥ. ಅದನ್ನು ಅವ್ವನಿಗೆ ಹೇಳಿಲ್ಲ.