ಅಲೆಮಾರಿಯ ಪದ್ಯ, ಮರೆತುಹೋದ ಪತ್ರ

ಫ್ಯಾಂಟಸಿ ಕಾದಂಬರಿಗಳ ಸಾಲುಗಳು ಈಗ ಮಗ್‌ಗಳ ಮೇಲೆ, ಟೀ ಶರ್ಟುಗಳ ಮೇಲೆ ಸುಭಾಷಿತಗಳಂತೆ ಮಾರಾಟವಾಗುತ್ತಿವೆ. ಅದಕ್ಕೆ ನನ್ನ ತಕರಾರೇನಿಲ್ಲ. ಆದರೆ ಕಥೆಯಿಂದ ಕಿತ್ತು ತಂದ ಮೇಲೆ ಅವುಗಳಲ್ಲಿ ಉಳಿಯುವುದು ಬಹುಪಾಲು ಬರಿಯ ಸಮಾಧಾನ.

ಅಲೆಯುವವರೆಲ್ಲರೂ ದಾರಿ ತಪ್ಪಿದವರಲ್ಲ ಎನ್ನುವ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಸಾಲನ್ನೇ ನೋಡಿ. ಪ್ರವಾಸಪ್ರಿಯರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. 1954ರಲ್ಲಿ ಹೊರಬಂದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಮೊದಲ ಸಂಪುಟದಲ್ಲಿ ಆ ಸಾಲು, ಮಾಂತ್ರಿಕ ಗ್ಯಾಂಡಾಲ್ಫ್ ಕಥಾನಾಯಕ ಫ್ರೋಡೋಗೆ ಬರೆದ ಪತ್ರದ ಕೊನೆಗೆ ಸೇರಿಸಿದ ಪದ್ಯದಲ್ಲಿ ಬರುತ್ತದೆ. ಪತ್ರವನ್ನು ತಲುಪಿಸಬೇಕಾಗಿದ್ದ ಛತ್ರದ ಯಜಮಾನ ಅದನ್ನು ಮರೆತೇಬಿಟ್ಟಿರುತ್ತಾನೆ. ಪದ್ಯ ಯಾರ ಕುರಿತಾಗಿದೆಯೋ ಆ ಅರಗಾರ್ನ್ 87 ವರ್ಷದವನು. ರಾಜವಂಶದವನಾಗಿದ್ದೂ ಹೆಸರು ಮರೆಸಿಕೊಂಡು ಗಡಿಗಳನ್ನು ಕಾಯುತ್ತಾ ತಿರುಗಿದವನು. ಅವನಿಂದಾಗಿಯೇ ನೆಮ್ಮದಿಯಾಗಿ ಮಲಗುವ ಊರಿನವರು ಅವನನ್ನು ಅನುಮಾನದಿಂದ ನೋಡುತ್ತಾರೆ. ಅಲ್ಲಿ ಅಲೆದಾಟವೆಂದರೆ ಬಿಡುವಿನ ವಿಹಾರವಲ್ಲ, ಯಾರೂ ಮೆಚ್ಚದ ಕಾವಲುಗಾರಿಕೆ.

ಧೈರ್ಯದ ವಿಷಯವೂ ಹೀಗೆಯೇ. ಟೋಲ್ಕಿನ್ ಅವರದೇ 1937ರ 'ದಿ ಹಾಬಿಟ್'ನಲ್ಲಿ ಕಥಾನಾಯಕ ಬಿಲ್ಬೋ ಡ್ರ್ಯಾಗನ್ನಿನ ಗುಹೆಗೆ ಒಬ್ಬನೇ ಇಳಿಯುತ್ತಾನೆ. ಸುರಂಗದ ತುದಿಯಲ್ಲಿ ಕೆಂಪು ಬೆಳಕು, ಮಲಗಿರುವ ಮೃಗದ ಗೊರಕೆ. ಅವನ ಕಾಲು ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಹೆಜ್ಜೆಯಿಟ್ಟದ್ದೇ ಅವನ ಬದುಕಿನ ಅತಿ ದೊಡ್ಡ ಸಾಹಸವೆಂದು ನಿರೂಪಕ ಹೇಳುತ್ತಾನೆ. ಡ್ರ್ಯಾಗನ್ ಇನ್ನೂ ಕಣ್ಣಿಗೆ ಬಿದ್ದಿಲ್ಲ, ನೋಡುವವರೂ ಯಾರಿಲ್ಲ. ಮೊದಲ ಮಹಾಯುದ್ಧದಲ್ಲಿ, 1916ರ ಸೋಮ್ ಯುದ್ಧಭೂಮಿಯಲ್ಲಿದ್ದು, ಆ ಯುದ್ಧದಲ್ಲಿ ಆಪ್ತ ಗೆಳೆಯರನ್ನು ಕಳೆದುಕೊಂಡ ಲೇಖಕ, ಕಾಳಗಕ್ಕಿಂತ ಅದಕ್ಕೆ ಮುಂಚಿನ ಆ ಕ್ಷಣಕ್ಕೆ ಹೆಚ್ಚು ಬೆಲೆ ಕೊಟ್ಟದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಅರ್ಸುಲಾ ಲೆ ಗ್ವಿನ್ ಅವರ 1968ರ 'ಎ ವಿಝರ್ಡ್ ಆಫ್ ಅರ್ತ್‌ಸೀ'ಯಲ್ಲಿ ಯುವ ಮಾಂತ್ರಿಕ ಗೆಡ್ ತಾನೇ ಬಿಡುಗಡೆ ಮಾಡಿದ ನೆರಳಿಗೆ ಹೆದರಿ ಓಡುತ್ತಿರುವಷ್ಟು ದಿನ ಅದರ ಬಲವೇ ಹೆಚ್ಚುತ್ತದೆ. ಗುರುವಿನ ಮಾತಿನಂತೆ ತಿರುಗಿ ನಿಂತು ಅದನ್ನೇ ಬೆನ್ನಟ್ಟಿದಾಗ ಕಥೆಯ ದಿಕ್ಕು ಬದಲಾಗುತ್ತದೆ.

ಭರವಸೆ ಇವೆರಡಕ್ಕಿಂತಲೂ ವಿಚಿತ್ರವಾದದ್ದು. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಶತ್ರುವಿನ ನಾಡಾದ ಮೊರ್ಡೋರ್‌ನಲ್ಲಿ ಕೇಡಿನ ಉಂಗುರವನ್ನು ಬೆಂಕಿಯ ಬೆಟ್ಟದಲ್ಲಿ ಎಸೆದು ನಾಶಮಾಡಲು ಹೊರಟ ಫ್ರೋಡೋ ನಿದ್ದೆಹೋಗಿರುವಾಗ ಜೊತೆಗಾರ ಸ್ಯಾಮ್‌ಗೆ ಮೋಡಗಳ ಸಂದಿನಲ್ಲಿ ಒಂದು ನಕ್ಷತ್ರ ಕಾಣುತ್ತದೆ. ಕತ್ತಲೆಗೆ ಎಟುಕದ ಬೆಳಕೊಂದಿದೆ ಎಂದು ಹೊಳೆದಾಗ ಅವನಿಗೆ ಗೆಲ್ಲುತ್ತೇವೆಂಬ ನಂಬಿಕೆಯೇನೂ ಹುಟ್ಟುವುದಿಲ್ಲ. ತನ್ನ ಗತಿ ಏನಾದೀತೆಂಬ ಚಿಂತೆ ಮಾತ್ರ ಆ ಹೊತ್ತಿಗೆ ಬಿಟ್ಟುಹೋಗುತ್ತದೆ. ಆಮೇಲೆ ಅವನೂ ಪಕ್ಕದಲ್ಲಿ ಮಲಗಿ ಗಾಢವಾಗಿ ನಿದ್ರಿಸುತ್ತಾನೆ. (ಕಾವಲಿಗೆ ಯಾರೂ ಇಲ್ಲದಿರುವಾಗ ಹೀಗೆ ಮಲಗುವುದು ಶುದ್ಧ ಅವಿವೇಕ, ಆದರೂ ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ ಅದು.)

ಸುಭಾಷಿತ ಮಾರುವವರು ಮುಟ್ಟದ ಭಾಗ ಇನ್ನೊಂದಿದೆ: ಬೆಂಕಿಯ ಬೆಟ್ಟದ ಅಂಚಿನಲ್ಲಿ ಫ್ರೋಡೋ ಸೋಲುತ್ತಾನೆ, ಉಂಗುರವನ್ನು ಎಸೆಯಲಾರೆನೆನ್ನುತ್ತಾನೆ. ಕೆಲಸ ಮುಗಿಯುವುದು, ಬಿಲ್ಬೋ ಹಿಂದೊಮ್ಮೆ ಕನಿಕರಪಟ್ಟು ಕೊಲ್ಲದೆ ಬಿಟ್ಟಿದ್ದ, ಆಮೇಲೆ ಫ್ರೋಡೋ ಕೂಡ ಉಳಿಸಿದ್ದ, ಉಂಗುರದ ಮೋಹಕ್ಕೆ ಬಿದ್ದ ಗೊಲ್ಲಮ್‌ನಿಂದ. ಈ ಸೋಲಿನ ಬಗ್ಗೆ ಕೇಳಿದ ಓದುಗರೊಬ್ಬರಿಗೆ 1963ರಲ್ಲಿ ಬರೆದ ಪತ್ರದಲ್ಲಿ ಟೋಲ್ಕಿನ್, ಫ್ರೋಡೋ ತನ್ನ ಶಕ್ತಿಯನ್ನೆಲ್ಲ ವ್ಯಯಿಸಿದ್ದನೆಂದೂ ಅದನ್ನು ನೈತಿಕ ಸೋಲೆಂದು ಎಣಿಸಲಾಗದೆಂದೂ ವಾದಿಸಿದರು.